ಮೆಡಿಕಲ್ ಪಾಯಿಂಟಿನ ಗಡುವು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಹಾಸನ–ಸಕಲೇಶಪುರ, ಹಾಸನ–ಅರಸೀಕೆರೆ, ಕೊನೆಯ ಕೆಲವು ವರ್ಷ ಬೇಲೂರು ರೂಟು. ಈಗ ಹಾಸನದಲ್ಲಿ ಸಾಲಗಾಮೆ ರಸ್ತೆಯ ಕಡೆ ಮನೆ. ಮನೆಯಲ್ಲಿ ಮೂರು ಜನ. ನಮ್ಮ ಮನೆಯವರಿಗೆ ಶುಗರ್, ಬಿಪಿ ಎರಡೂ ಇದೆ. ತಾಯಿಗೆ 84 ವರ್ಷ, ಹಾಸಿಗೆ ಹಿಡಿದಿದ್ದಾರೆ. ಪೆನ್ಷನ್ ಬಂದ ವಾರದಲ್ಲೇ ಅದರ ಒಂದು ಪಾಲು ಮೆಡಿಕಲ್ ಶಾಪಿಗೆ ಹೋಗುತ್ತದೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಆದ್ದರಿಂದ ಮೆಡಿಕಲ್‌ಗಳಲ್ಲಿ ಕೊಡುವ ಪಾಯಿಂಟು, ಕೂಪನ್ನು, ಡಿಸ್ಕೌಂಟಿನ ಬಗ್ಗೆ ನಾನು ಎರಡು ವರ್ಷದಲ್ಲಿ ಕಂಡುಕೊಂಡದ್ದನ್ನು ಹೇಳಬೇಕು ಅನಿಸಿತು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಮೊದಲು ಬಸ್ಸಿನ ಒಂದು ವಿಷಯ ಹೇಳುತ್ತೇನೆ. ಚಿಲ್ಲರೆ ಇಲ್ಲದಾಗ ನಾವು ಟಿಕೆಟ್ ಹಿಂದೆ ಬಾಕಿ ಬರೆದು, ಅದಕ್ಕೊಂದು ಸುತ್ತು ಹಾಕಿ ಕೊಡುತ್ತಿದ್ದೆವು. ಓದು ಬಾರದವರಿಗೂ ಅದು ಗೊತ್ತಾಗುತ್ತಿತ್ತು. ಇಳಿಯುವಾಗ ಟಿಕೆಟ್ ತೋರಿಸಿ ದುಡ್ಡು ಇಸ್ಕೊಳ್ಳುತ್ತಿದ್ದರು. ಒಮ್ಮೆ ಬಾಳ್ಳುಪೇಟೆಯಲ್ಲಿ ಒಬ್ಬ ಅಜ್ಜಿ ಏಳು ರೂಪಾಯಿ ಮರೆತು ಇಳಿದುಬಿಟ್ಟರು. ನಾಲ್ಕು ದಿನ ಆದ ಮೇಲೆ ಅದೇ ಟಿಕೆಟನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದರು. ಬರವಣಿಗೆ ನನ್ನದೇ. ಕೊಟ್ಟೆ. ಅವರ ದುಡ್ಡು, ನನ್ನ ಕೈಬರಹ. ಅದರಲ್ಲಿ ಮಾತಾಡಲು ಏನಿದೆ?

ಈಗ ಮೆಡಿಕಲ್ ವಿಷಯಕ್ಕೆ ಬರುತ್ತೇನೆ. 2024ರ ಜನವರಿಯಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಹೊಸ ಮೆಡಿಕಲ್ ಶುರುವಾಯಿತು. ಹಲವು ಊರುಗಳಲ್ಲಿ ಶಾಖೆ ಇರುವಂಥದ್ದು. ಹೆಸರು ಬರೆಯುವುದಿಲ್ಲ. ಒಂದು ಅಂಗಡಿಯ ಮೇಲೆ ದೂರು ಹೇಳುವುದಕ್ಕೆ ನಾನು ಕೂತಿಲ್ಲ, ಬೇರೆ ಕಡೆಯೂ ಇಂಥ ವ್ಯವಸ್ಥೆ ಇದೆ. ಬಿಲ್ಲಿಗೆ ಶೇ 5 ಡಿಸ್ಕೌಂಟ್. ಅದರ ಮೇಲೆ ಪ್ರತಿ ನೂರು ರೂಪಾಯಿಗೆ 3 ಪಾಯಿಂಟ್, ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ. ಮೊಬೈಲ್ ನಂಬರ್ ಕೊಟ್ಟರೆ ಸಾಕು ಅಂದರು. ನಮ್ಮ ಮನೆಯವರ ನಂಬರ್ ಕೊಟ್ಟೆ.

ಅಲ್ಲಿಯವರೆಗೆ ನಾವು ಔಷಧಿ ತರುತ್ತಿದ್ದದ್ದು ಒಂದು ಹಳೆ ಅಂಗಡಿಯಲ್ಲಿ. ಅವರು ಪಾಯಿಂಟು ಗೀಯಿಂಟು ಏನೂ ಕೊಡುತ್ತಿರಲಿಲ್ಲ. ಬಿಲ್ಲಿನಲ್ಲಿ ನೇರ ಶೇ 10 ಬಿಡುತ್ತಿದ್ದರು. ಆದರೂ ಹೊಸ ಅಂಗಡಿಯ ಕಡೆ ಹೊರಳಿದೆ. ಪಾಯಿಂಟ್ ಅನ್ನುವುದು ಕೂಡಿಟ್ಟ ದುಡ್ಡಿನ ಹಾಗೆ ಕಾಣುತ್ತದೆ, ಅಲ್ವಾ? ವರ್ಷದ ಕೊನೆಗೆ ಒಟ್ಟಿಗೆ ಬಳಸಿದರೆ ಒಂದು ತಿಂಗಳ ಮಾತ್ರೆಯ ಮೂರನೇ ಒಂದು ಭಾಗ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡೆ.

ಪ್ರತಿ ತಿಂಗಳು 5ನೇ ತಾರೀಖು ಹೋಗುತ್ತಿದ್ದೆ. ಎಂಆರ್‌ಪಿ ಲೆಕ್ಕದಲ್ಲಿ ಹೆಚ್ಚುಕಮ್ಮಿ 1,900 ರೂಪಾಯಿ. ಶೇ 5 ಕಳೆದು 1,805. ಪಾಯಿಂಟ್ 54. ವೇ ಬಿಲ್ (ಬಸ್ಸಿನ ಟಿಕೆಟ್ ಲೆಕ್ಕದ ಹಾಳೆ) ಬರೆದು ಅಭ್ಯಾಸ ಆದ ಕೈ, ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ತಿಂಗಳು ಬರೆದೆ. ನವೆಂಬರ್‌ವರೆಗೆ 11 ಬಿಲ್, 594 ಪಾಯಿಂಟ್.

ಡಿಸೆಂಬರ್ 5ರಂದು ಹೋಗಿ, ಪಾಯಿಂಟ್ ಹಾಕಿಕೊಳ್ಳಮ್ಮ ಅಂದೆ. ಕೌಂಟರಿನಲ್ಲಿದ್ದ ಹುಡುಗಿ ನೋಡಿ, "270 ಇದೆ ಅಂಕಲ್" ಅಂದಳು. ನೋಟ್‌ಬುಕ್ ತೆಗೆದು ತೋರಿಸಿದೆ. ಅವಳು ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದಳು. ಪಾಯಿಂಟಿಗೆ 180 ದಿನ ಅಷ್ಟೇ ಆಯಸ್ಸು. ಜನವರಿಯಿಂದ ಜೂನ್‌ವರೆಗಿನ ಆರು ಬಿಲ್ಲಿನ 324 ಪಾಯಿಂಟ್ ಒಂದೊಂದಾಗಿ ಹೋಗಿಬಿಟ್ಟಿತ್ತು. ಉಳಿದ 270ನ್ನೂ ಪೂರ್ತಿ ಬಳಸುವ ಹಾಗಿಲ್ಲ. ಬಿಲ್ಲಿನ ಹತ್ತನೇ ಒಂದು ಭಾಗದವರೆಗೆ ಮಾತ್ರ, ಅಂದರೆ ಆ ದಿನ 180. "ಮೆಸೇಜ್ ಬಂದಿರುತ್ತೆ ಅಂಕಲ್" ಅಂದಳು. ಅವಳ ತಪ್ಪು ಏನೂ ಇಲ್ಲ, ಪಾಪ. ಮನೆಗೆ ಬಂದು ಫೋನ್ ನೋಡಿದರೆ ನಿಜವಾಗಿಯೂ ಬಂದಿದ್ದವು. ಎಲ್ಲವೂ ಇಂಗ್ಲಿಷ್. ನಮ್ಮ ಮನೆಯವರು ಏಳನೇ ತರಗತಿವರೆಗೆ ಓದಿದವರು, ಕನ್ನಡ ಚೆನ್ನಾಗಿ ಓದುತ್ತಾರೆ. ಇಂಗ್ಲಿಷ್ ಮೆಸೇಜ್ ಬಂದರೆ ಬ್ಯಾಂಕಿನದೋ ಮೋಸದ್ದೋ ಅಂತ ಹೆದರಿ ಮುಟ್ಟುವುದಿಲ್ಲ.

ಆ ರಾತ್ರಿ ಕೂತು ಪೂರ್ತಿ ಲೆಕ್ಕ ಹಾಕಿದೆ. ಹೊಸ ಅಂಗಡಿಯಲ್ಲಿ ತಿಂಗಳಿಗೆ ಸಿಗುವುದು 95 ರೂಪಾಯಿ ಡಿಸ್ಕೌಂಟ್, 54 ಪಾಯಿಂಟ್. ಒಂದು ಪಾಯಿಂಟೂ ಹಾಳಾಗದೆ ಬಳಸಿದರೂ ಒಟ್ಟು 149. ಹಳೆ ಅಂಗಡಿಯ ಶೇ 10 ಅಂದರೆ 190, ಅದೂ ಅವತ್ತೇ ಕೈಗೆ. ತಿಂಗಳಿಗೆ 41 ರೂಪಾಯಿ ಕಮ್ಮಿ. 11 ತಿಂಗಳಿಗೆ 451. ಗಡುವು ಮೀರಿ ಹೋದದ್ದು ಬೇರೆ. ನಮ್ಮ ತಾಯಿಯ ಒಂದು ವಾರದ ಹಾಲಿನ ದುಡ್ಡಿಗಿಂತ ಜಾಸ್ತಿಯೇ ಅದು.

ಆದ್ದರಿಂದ ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದು. ಪಾಯಿಂಟನ್ನು ರೂಪಾಯಿ ಮಾಡಿ ನೋಡಿ. ನೂರಕ್ಕೆ ಎಷ್ಟು ರೂಪಾಯಿ, ಎಷ್ಟು ದಿನದೊಳಗೆ, ಬಿಲ್ಲಿನ ಎಷ್ಟು ಭಾಗಕ್ಕೆ. ಈ ಮೂರನ್ನೂ ನಂಬರ್ ಕೊಡುವ ಮುಂಚೆಯೇ ಕೇಳಿ. ಆಮೇಲೆ ನಿಮ್ಮ ಪಕ್ಕದ ಹಳೆ ಅಂಗಡಿಯವರು ನೇರವಾಗಿ ಎಷ್ಟು ಬಿಡುತ್ತಾರೆ ಅಂತ ಕೇಳಿ. ಎಷ್ಟೋ ಜನ ಕೇಳುವುದೇ ಇಲ್ಲ. ಕೇಳಿದರೆ ಬಿಡುವವರು ಇದ್ದಾರೆ.

ಕೂಪನ್ ವಿಷಯ ಇನ್ನೊಂದು. ಮಗ ಬೆಂಗಳೂರಿನಲ್ಲಿದ್ದಾನೆ. ಅವನು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಮೊದಲ ಆರ್ಡರಿಗೆ ಶೇ 25 ಕಮ್ಮಿ ಅಂತ ದಪ್ಪ ಅಕ್ಷರದಲ್ಲಿ ಇತ್ತು. 1,900ಕ್ಕೆ ಶೇ 25 ಅಂದರೆ 475 ಉಳಿಯಬೇಕು. ಕೆಳಗೆ ಸಣ್ಣದಾಗಿ 'ಅಪ್ ಟು 200' (200 ರೂಪಾಯಿವರೆಗೆ ಮಾತ್ರ) ಅಂತ ಬೇರೆ ಇತ್ತು. ಮೇಲೆ ಸಾಗಾಣಿಕೆಗೆ 29 ರೂಪಾಯಿ. ಉಳಿದದ್ದು 171. ಮತ್ತೆ ಹಳೆ ಅಂಗಡಿಯ 190ಕ್ಕಿಂತ ಕಮ್ಮಿಯೇ. 'ಅಪ್ ಟು' ಅನ್ನುವ ಎರಡು ಸಣ್ಣ ಪದವನ್ನು ಮೊದಲು ಹುಡುಕಿ, ಆಮೇಲೆ ಶೇಕಡಾ ನೋಡಿ.

ಔಷಧಿಗೆ ಅಷ್ಟು ದೊಡ್ಡ ಡಿಸ್ಕೌಂಟ್ ಬರುವುದು ಕಷ್ಟ ಯಾಕೆ ಅಂತ ಹಳೆ ಅಂಗಡಿಯ ಯಜಮಾನರು ಒಂದು ದಿನ ಬಿಡಿಸಿ ಹೇಳಿದರು. ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವ ಮಾತ್ರೆಗಳಿಗೆ ಕೇಂದ್ರ ಸರ್ಕಾರದ ಔಷಧಿ ಬೆಲೆ ಪ್ರಾಧಿಕಾರ ಗರಿಷ್ಠ ದರ ಕಟ್ಟುತ್ತದೆ. 1997ರಿಂದ ಇರುವ ಸಂಸ್ಥೆ ಅದು. 2013ರ ಬೆಲೆ ನಿಯಂತ್ರಣ ಆದೇಶದ ಲೆಕ್ಕದಲ್ಲಿ ಅಂಗಡಿಯವರ ಪಾಲು ಅಂತ ಸೇರಿಸುವುದು ಶೇ 16. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಹತ್ತು ಬಿಟ್ಟರೆ ಅವರಿಗೆ ಉಳಿಯುವುದು ಸ್ವಲ್ಪವೇ. ಅದನ್ನು ಕೇಳಿದ ಮೇಲೆ ಆ ಹತ್ತಕ್ಕೆ ನನಗೆ ಬೇರೆಯೇ ಬೆಲೆ ಬಂತು. ಯಾವ ಮಾತ್ರೆಗೆ ಎಷ್ಟು ದರ ಅಂತ ನೋಡಲು 'ಫಾರ್ಮಾ ಸಹಿ ದಾಮ್' ಅಂತ ಅದೇ ಪ್ರಾಧಿಕಾರದ ಆ್ಯಪ್ ಇದೆ. ಮಕ್ಕಳ ಕೈಲಿ ಹಾಕಿಸಿಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಆಗಲೂ ಒಂದು ಸೂಕ್ಷ್ಮ ಇತ್ತು. ಅಂಗಡಿಯಲ್ಲಿದ್ದ ಹಳೆ ಶೀಟುಗಳ ಮೇಲೆ ಹಳೆ ಎಂಆರ್‌ಪಿಯೇ ಅಚ್ಚಾಗಿತ್ತು. 112 ರೂಪಾಯಿಯ ಶೀಟು ಲೆಕ್ಕದ ಪ್ರಕಾರ 105ಕ್ಕೆ ಬರಬೇಕು. ಹಳೆ 112ರ ಮೇಲೆಯೇ ಶೇ 10 ಕಳೆದರೆ ನಮಗೆ ನಿಜವಾಗಿ ಸಿಕ್ಕ ಡಿಸ್ಕೌಂಟ್ ನಾಲ್ಕು ರೂಪಾಯಿ ಚಿಲ್ಲರೆ ಮಾತ್ರ, ಉಳಿದದ್ದು ತೆರಿಗೆ ಇಳಿದದ್ದು. ಹಳೆ ಅಂಗಡಿಯ ಯಜಮಾನರು ತಾವಾಗಿಯೇ ಹೇಳಿ, ಇಳಿದ ದರ ಹಾಕಿ, ಅದರ ಮೇಲೆ ಹತ್ತು ಬಿಟ್ಟರು. ನಿಮ್ಮ ಮನೆಯಲ್ಲಿ ಆ ಕಾಲದ ಬಿಲ್ ಇದ್ದರೆ ಒಮ್ಮೆ ತೆಗೆದು ನೋಡಿ.

ಕೂಪನ್ನಿನ ಆಸೆಗೆ ಜಾಸ್ತಿ ಮಾತ್ರೆ ಮಾತ್ರ ತಂದಿಡಬೇಡಿ. ನಾನು ತಂದಿದ್ದೆ. ಮೂರು ತಿಂಗಳದ್ದು ಒಟ್ಟಿಗೆ ತಗೊಂಡರೆ ಇನ್ನೂ ಶೇ 5 ಕಮ್ಮಿ ಅಂದರು. ಇಪ್ಪತ್ತು ದಿನ ಕಳೆಯಲಿಲ್ಲ, ಡಾಕ್ಟರು ಮೂರು ತಿಂಗಳ ಶುಗರ್ ಟೆಸ್ಟ್ ನೋಡಿ ಮಾತ್ರೆಯನ್ನೇ ಬದಲಾಯಿಸಿದರು. ಏಳು ಶೀಟ್ ಹಾಗೇ ಉಳಿಯಿತು. ವಾಪಸ್ ಕೊಡಲು ಹೋದರೆ 15 ದಿನ ದಾಟಿದೆ ಅಂದರು. ಶುಗರ್, ಬಿಪಿ ಮಾತ್ರೆಗಳ ಡೋಸ್ ಯಾವಾಗ ಬೇಕಾದರೂ ಬದಲಾಗಬಹುದು. ಒಂದು ತಿಂಗಳದ್ದು ತನ್ನಿ, ಜಾಸ್ತಿ ಅಂದರೆ ಇನ್ನೊಂದು ಹತ್ತು ದಿನದ್ದು. ಕೂಪನ್ನಿಗಾಗಿ ಬಿಲ್ 500 ರೂಪಾಯಿ ಮುಟ್ಟಿಸಬೇಕು ಅಂತ ಚೀಟಿಯಲ್ಲಿ ಇಲ್ಲದ ಔಷಧಿ ಸೇರಿಸುವುದಂತೂ ಬೇಡವೇ ಬೇಡ. ಶೀಟಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದ ಔಷಧಿ.

ಶೀಟ್ ಕತ್ತರಿಸಿ ಕೊಡುವಾಗಲೂ ಕಣ್ಣಿಡಿ. ಎಕ್ಸ್‌ಪೈರಿ ತಾರೀಖು ಮತ್ತು ಬ್ಯಾಚ್ ನಂಬರ್ ಒಂದು ತುದಿಯಲ್ಲಿ ಇರುತ್ತದೆ. ಆ ತುದಿ ನಿಮ್ಮ ಕೈಗೆ ಬಂದರೆ ಒಳ್ಳೆಯದು. ಬರದಿದ್ದರೆ ಬಿಲ್ಲಿನಲ್ಲಿ ಎರಡೂ ಬರೆದಿದೆಯಾ ನೋಡಿ. ಬಿಲ್ ಬೇಡ ಅಂತ ಹಾಗೇ ಬರಬೇಡಿ. ಬಿಲ್ ಇಲ್ಲದಿದ್ದರೆ ಪಾಯಿಂಟೂ ಇಲ್ಲ, ವಾಪಸ್ಸೂ ಇಲ್ಲ.

ಹಾಗಂತ ಹೊಸ ಅಂಗಡಿಯನ್ನು ನಾನು ಬಿಟ್ಟಿಲ್ಲ. ತಾಯಿಗೆ ತಿಂಗಳಿಗೆ ದೊಡ್ಡವರ ಡಯಾಪರ್ ಆರು ಪ್ಯಾಕ್ ಬೇಕು. ಹಾಸಿಗೆ ಮೇಲೆ ಹಾಸುವ ಪ್ಯಾಡ್, ಹತ್ತಿ, ಬೆನ್ನು ಹುಣ್ಣಾಗದಂತೆ ಹಚ್ಚುವ ಪೌಡರ್ ಬೇಕು. ಇವುಗಳ ಮೇಲೆ ಅಲ್ಲಿ ಔಷಧಿಗಿಂತ ಪಾಯಿಂಟ್ ಜಾಸ್ತಿ, ಅಂಗಡಿಯ ಸ್ವಂತ ಹೆಸರಿನ ಸಾಮಾನಾದರೆ ಇನ್ನೂ ಜಾಸ್ತಿ. ಡಯಾಪರ್ ಬೇಗ ಹಾಳಾಗುವ ವಸ್ತು ಅಲ್ಲ, ಡೋಸ್ ಬದಲಾಗುವುದೂ ಇಲ್ಲ. ಎರಡು ಪ್ಯಾಕಿಗೆ ಒಂದು ಕೂಪನ್ ಬಂದ ದಿನ ನಾಲ್ಕು ಪ್ಯಾಕ್ ತರುತ್ತೇನೆ. ಸೈಜ್ ಮಾತ್ರ ಸರಿಯಾಗಿ ನೋಡಬೇಕು. ಸೊಂಟದ ಅಳತೆ ಪ್ಯಾಕಿನ ಮೇಲೆ ಸೆಂಟಿಮೀಟರಿನಲ್ಲೋ ಇಂಚಿನಲ್ಲೋ ಇರುತ್ತದೆ. ದೊಡ್ಡದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಪಕ್ಕದಿಂದ ಸೋರುತ್ತದೆ, ರಾತ್ರಿ ಎರಡು ಸಲ ಹಾಸಿಗೆ ಬದಲಾಯಿಸಬೇಕಾಗುತ್ತದೆ. ತಾಯಿ ಪಾಪ, ಸಂಕೋಚಕ್ಕೆ ಬಾಯಿ ಬಿಡುವುದಿಲ್ಲ. ಹೀಗೆ ಮಾತ್ರೆ ಹಳೆ ಅಂಗಡಿಯಲ್ಲಿ, ಡಯಾಪರ್ ಹೊಸ ಅಂಗಡಿಯಲ್ಲಿ. ಪಾಯಿಂಟ್ ಬಂದ ಮುಂದಿನ ತಿಂಗಳೇ ಬಳಸಿಬಿಡುತ್ತೇನೆ, ಕೂಡಿಡುವುದಿಲ್ಲ. ತಿಂಗಳಿಗೆ 200ರಿಂದ 250 ರೂಪಾಯಿ ಉಳಿಯುತ್ತಿದೆ.

ಎಲ್ಲಕ್ಕಿಂತ ಜಾಸ್ತಿ ಉಳಿದದ್ದು ಮಾತ್ರ ಪಾಯಿಂಟೂ ಇಲ್ಲದ, ಕೂಪನ್ನೂ ಇಲ್ಲದ ಕಡೆ. ಜನೌಷಧಿ ಕೇಂದ್ರದಲ್ಲಿ. 2008ರಲ್ಲಿ ಶುರುವಾದ ಯೋಜನೆ ಅದು. ಹೆಸರಾಂತ ಕಂಪನಿಯ ಮಾತ್ರೆಗಿಂತ ಅರ್ಧ ದರ, ಕೆಲವು ಅದಕ್ಕೂ ಕಮ್ಮಿ. ನಮ್ಮ ಡಾಕ್ಟರಿಗೆ ನೇರವಾಗಿ ಕೇಳಿದೆ, ಸಾರ್, ಬಿಪಿ ಮಾತ್ರೆ ಅಲ್ಲಿಂದ ತಗೊಳ್ಳಬಹುದಾ ಅಂತ. ಅದೇ ಕಂಟೆಂಟ್, ಅದೇ ಮಿಲಿಗ್ರಾಂ ಇದ್ದರೆ ತಗೊಳ್ಳಿ, ಒಂದು ತಿಂಗಳು ಬಿಪಿ ಬರೆದಿಟ್ಟು ತೋರಿಸಿ ಅಂದರು. ಬರೆದಿಟ್ಟೆ. ಬಿಪಿ ಮೊದಲಿನ ಹಾಗೇ ಇತ್ತು. ಶುಗರ್ ಮಾತ್ರೆಯಲ್ಲಿ ಒಂದು ಬೇಡ ಅಂದರು, ಅದನ್ನು ಬದಲಾಯಿಸಲಿಲ್ಲ. ಡಾಕ್ಟರನ್ನು ಕೇಳದೆ ನಾವೇ ಬದಲಾಯಿಸುವುದು ತಪ್ಪು. ಕೇಳಲು ಸಂಕೋಚ ಪಡುವುದೂ ಬೇಡ.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ನನ್ನ ನೋಟ್‌ಬುಕ್ ಕಥೆ ಕೇಳಿ ಅವಳು ಅಲ್ಲಿನ ಸಿವಿಎಸ್ ಅನ್ನುವ ಮೆಡಿಕಲ್‌ನ ಬಿಲ್ ಫೋಟೊ ಕಳಿಸಿದಳು. ಮೊಳದುದ್ದ ಇತ್ತು. ಮೇಲೆ ನಾಲ್ಕೇ ಸಾಮಾನು, ಕೆಳಗೆ ಪೂರ್ತಿ ಕೂಪನ್ನು. ಅವರ ಸದಸ್ಯತ್ವಕ್ಕೆ ಎಕ್ಸ್‌ಟ್ರಾಕೇರ್ ಅಂತ ಹೆಸರು. ಶಾಂಪೂ ಕಂಪನಿಯ ಕೂಪನ್ ಬೇರೆ, ಅಂಗಡಿಯ ಕೂಪನ್ ಬೇರೆ, ಎರಡನ್ನೂ ಒಂದೇ ಬಾಟಲಿಗೆ ಹಾಕಬಹುದಂತೆ. ಅಲ್ಲಿ ನಮ್ಮ ಹಾಗೆ ಎಂಆರ್‌ಪಿ ಅಚ್ಚು ಹಾಕುವ ಪದ್ಧತಿ ಇಲ್ಲ, ಅಂಗಡಿಯವರು ಹಾಕಿದ್ದೇ ದರ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಪ್ರತಿ ಕೂಪನ್ನಿನ ಮೇಲೆ ಯಾವ ತಾರೀಖಿನವರೆಗೆ ನಡೆಯುತ್ತದೆ ಅಂತ ಅಚ್ಚಾಗಿತ್ತು, ಅದೂ ಆ ಊರಿನ ಜನ ಓದುವ ಭಾಷೆಯಲ್ಲಿ. ನಾನು ಕೇಳುತ್ತಿರುವುದು ಅಷ್ಟೇ.

ನಮ್ಮ ರಾಜ್ಯದಲ್ಲಿ ಅಂಗಡಿಯ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಒಳ್ಳೆಯ ಕೆಲಸ. ಬಿ.ಎಂ. ರಸ್ತೆಯಲ್ಲಿ ನಡೆದು ಹೋದರೆ ಬೋರ್ಡುಗಳಲ್ಲಿ ಕನ್ನಡ ದೊಡ್ಡದಾಗಿ ಕಾಣುತ್ತದೆ. ನಾನು ನಂಬರ್ ಕೊಟ್ಟ ಅಂಗಡಿಯ ಬೋರ್ಡೂ ಹಾಗೇ ಇದೆ. ಒಳಗೆ ಬಿಲ್ ಇಂಗ್ಲಿಷ್, ಮೆಸೇಜ್ ಇಂಗ್ಲಿಷ್, ಷರತ್ತು ಇಂಗ್ಲಿಷ್. ಬೋರ್ಡು ಕರೆಯುವುದಕ್ಕೆ. ದುಡ್ಡಿನ ಮಾತು ಇರುವುದು ಬಿಲ್ಲಿನಲ್ಲಿ. ಬಿಲ್ಲಿನ ಕೊನೆಗೆ ಒಂದೇ ಒಂದು ಸಾಲು ಸಾಕು: ನಿಮ್ಮ ಪಾಯಿಂಟ್ ಇಷ್ಟು, ಈ ತಾರೀಖಿನೊಳಗೆ ಬಳಸಿ. ಕಂಪ್ಯೂಟರಿನಲ್ಲಿ ಇದೇನೂ ದೊಡ್ಡ ಕೆಲಸ ಅಲ್ಲ. ನಮ್ಮ ಬಸ್ಸಿನ ಮಿಷನ್ನೇ ಕನ್ನಡದಲ್ಲಿ ಟಿಕೆಟ್ ಕೊಡುತ್ತಿರಲಿಲ್ಲವೇ? ಹಾಸನದ ಔಷಧಿ ವ್ಯಾಪಾರಿಗಳು, ಕನ್ನಡದ ಕೆಲಸ ನೋಡುವ ಅಧಿಕಾರಿಗಳು ದಯವಿಟ್ಟು ಇದರ ಕಡೆ ಗಮನ ಕೊಡಬೇಕು.

ಇನ್ನೊಂದು ಮಾತು. ನಂಬರ್ ಕೊಡಲೇಬೇಕು ಅಂತ ಏನಿಲ್ಲ. ಬಿಲ್ಲಿಗಾಗಿ ಗ್ರಾಹಕರ ಮೊಬೈಲ್ ನಂಬರ್ ಕೊಡಿ ಅಂತ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ಪಾಯಿಂಟ್ ಬೇಕಾದವರು ಕೊಡಲಿ, ಬೇಡದವರಿಗೂ ಬಿಲ್ ಸಿಗಬೇಕು. ಕೊಡುವವರು ಅಂಗಡಿಗೆ ಯಾರು ಹೋಗುತ್ತಾರೋ ಅವರ ನಂಬರನ್ನೇ ಕೊಡಿ. ಪಾಯಿಂಟ್ ಬಳಸುವಾಗ ಒಟಿಪಿ ಬರುತ್ತದೆ, ಬೆಂಗಳೂರಿನ ಮಗನ ನಂಬರ್ ಇದ್ದರೆ ಅವನು ಮೀಟಿಂಗಿನಲ್ಲಿ ಇರುತ್ತಾನೆ, ನಾವು ಕೌಂಟರಿನಲ್ಲಿ ನಿಂತಿರುತ್ತೇವೆ. ಅಂಗಡಿಯ ಕೌಂಟರ್ ಬಿಟ್ಟು ಬೇರೆ ಎಲ್ಲೂ ಆ ಒಟಿಪಿ ಹೇಳಬೇಡಿ. ನಮ್ಮ ಬೀದಿಯ ಒಬ್ಬರಿಗೆ, ನಿಮ್ಮ ಪಾಯಿಂಟ್ ಇವತ್ತೇ ಮುಗಿಯುತ್ತದೆ, ಈ ಲಿಂಕ್ ಒತ್ತಿ ಅಂತ ಮೆಸೇಜ್ ಬಂತು. ಒತ್ತುವುದರಲ್ಲಿದ್ದರು, ಮೊಮ್ಮಗಳು ತಡೆದಳು. ಪಾಯಿಂಟ್ ಇದೆಯೋ ಇಲ್ಲವೋ ಅಂಗಡಿಗೇ ಹೋಗಿ ಕೇಳಿ. ಅಲ್ಲಿ ನ್ಯಾಯ ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು.

ಈ ತಿಂಗಳ 5ರಂದು ಡಯಾಪರ್ ತರಲು ಹೊಸ ಅಂಗಡಿಗೆ ಹೋಗಿದ್ದೆ. ಅದೇ ಹುಡುಗಿ ಇದ್ದಳು. ಬಿಲ್ ಕೊಟ್ಟಾಗ, ಇದರ ಹಿಂದೆ ಪಾಯಿಂಟ್ ಎಷ್ಟು, ಯಾವತ್ತಿನವರೆಗೆ ಅಂತ ಬರೆದುಕೊಡು ಮಗಳೇ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಪೆನ್ನು ತೆಗೆದು ಕನ್ನಡದಲ್ಲಿ ಬರೆದಳು, '42 ಪಾಯಿಂಟ್, ಆಗಸ್ಟ್ 4ರವರೆಗೆ'. ಕೆಳಗೆ ತನ್ನ ಸಹಿ ಹಾಕಿದಳು. ನನ್ನ ಹಿಂದೆ ನಿಂತಿದ್ದ ಹೆಂಗಸು ಅದನ್ನು ನೋಡಿ, "ನಂದಕ್ಕೂ ಹಾಗೇ ಬರೆದುಕೊಡಮ್ಮ" ಅಂತ ಬಿಲ್ ಮುಂದೆ ಚಾಚಿದರು.

ಇಂತಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್,
ಹಾಸನ